ಆರದ ತೇಪೆ

ಅಣ್ಣನಿಗೆ,

ನಿನ್ನೆದುರು ಮಾತಾಡುವುದು ನನಗೆ ಬಾರದು, ಮೂಗಿ ಎಂದು ನೀನೇ ಹೆಸರಿಟ್ಟಿದ್ದೀಯ. ಅದಕ್ಕೇ ಬರೆಯುತ್ತಿದ್ದೇನೆ. ಅಕ್ಷರ ತಪ್ಪಿದ್ದರೆ ನಗು, ಆದರೆ ಕೊನೆಯವರೆಗೆ ಓದು. ಅತ್ತಿಗೆಯನ್ನು ಒಪ್ಪಿಸಿ ಕರೆದುಕೊಂಡು ಬಾ ಎಂದು ಹೇಳಿ ಕಳಿಸಿದ್ದೀಯಲ್ಲ, ನನ್ನಿಂದ ಆಗುವುದಿಲ್ಲ.

ಅತ್ತಿಗೆಯ ಕೈಯಲ್ಲಿ ನಿನ್ನ ಅಂಗಿಯ ಕಾಲರು ಸುಟ್ಟುಹೋಯಿತೆಂದು ನೀನು ಇಸ್ತ್ರಿ ಪೆಟ್ಟಿಗೆ ಎಸೆದೆ. ಅದು ಅತ್ತಿಗೆಗೆ ತಗಲದೆ ಹಜಾರದ ಗೋಡೆಗೆ ಹೊಡೆಯಿತು. ಜಿಪ್ಸಮ್ ಬೋರ್ಡಿನ ಗೋಡೆ, ಮೊಟ್ಟೆಯ ಚಿಪ್ಪಿನ ಹಾಗೆ ಒಳಗೆ ಕುಸಿಯಿತು. ತೂತು ಎಷ್ಟು ಎತ್ತರದಲ್ಲಿತ್ತು ನೋಡಿದ್ದೀಯಾ? ಸರಿಯಾಗಿ ಅತ್ತಿಗೆಯ ಕಿವಿಯ ಮಟ್ಟಕ್ಕೆ. ನಿನ್ನ ಕಣ್ಣಿಗೆ ಬಿದ್ದದ್ದು ತೂತು ಮಾತ್ರ, ಏಕೆಂದರೆ ಮರುದಿನ ಅವಳ ಅಪ್ಪ ಬರುವವರಿದ್ದರು.

ಬೆಳಿಗ್ಗೆ ಎದ್ದವನೇ ಬೋರ್ಡಿನ ತುಂಡು ಕೂರಿಸಿ, ಮೇಲೆ ಗೋಡೆ ಸಮ ಮಾಡುವ ಪುಟ್ಟಿಯ ಹಿಟ್ಟನ್ನು ಒಂದೇ ಸಲಕ್ಕೆ ದಪ್ಪಗೆ ಮೆತ್ತಿದೆ. ನಮ್ಮಿಬ್ಬರಿಗೂ ಈ ಕೆಲಸ ಕಲಿಸಿದ್ದು ನಮ್ಮ ಅಪ್ಪ. ತೆಳ್ಳಗೆ ಬಳಿ, ಆರಲು ಬಿಡು, ಉಜ್ಜು, ಮತ್ತೆ ಬಳಿ. ಕೈಯ ಹಿಂಬದಿ ಇಟ್ಟಾಗ ತಣ್ಣಗೆ ತಾಗಿದರೆ ಒಳಗೆ ನೀರಿದೆ ಎಂದು ತಿಳಿ. ನಾನು ಕೈ ಇಟ್ಟು ನೋಡಿದೆ. "ಅಣ್ಣಾ, ಇನ್ನೂ ತಣ್ಣಗಿದೆ" ಎಂದರೆ ನೀನು ಗದರಿದೆ. "ತಣ್ಣಗಿರೋದು ನಿನ್ನ ಕೈ ಕಣೇ ಮೂಗಿ. ಆರಿದೆ, ರೋಲರ್ ತಗೋ!"

ನಾನು ರೋಲರ್ ಮುಟ್ಟಲಿಲ್ಲ. ನೀನೇ ಬಣ್ಣ ಬಳಿದೆ. ಬಳಿಯುತ್ತಲೇ ಒಳಗಿದ್ದ ಅತ್ತಿಗೆಗೆ ಕೂಗಿದೆ. "ತಪ್ಪಾಯ್ತು ಅಂದ್ನಲ್ಲ ಮಾರಾಯ್ತಿ, ಇನ್ನೂ ಯಾಕೆ ಮುಖ ಊದಿಸ್ಕೊಂಡಿದ್ದೀಯ? ನಿಮ್ಮಪ್ಪ ಬರೋ ಹೊತ್ತಾಯ್ತು." ಗೋಡೆಗೂ ಹೆಂಡತಿಗೂ ನಿನ್ನದು ಒಂದೇ ರೋಲರ್.

ಅತ್ತಿಗೆಯ ಅಪ್ಪ ಬಂದು ಆ ಗೋಡೆಯ ಪಕ್ಕದ ಎತ್ತರದ ಸ್ಟೂಲಿನ ಮೇಲೇ ಕುಳಿತರು. "ಏನು ಅಳಿಯಂದ್ರೇ, ಗೋಡೆ ಹೊಸ ಮದುಮಗನ ಥರ ಹೊಳೀತಿದೆ?" ಎಂದರು. "ಮಂಚ ಸಾಗಿಸೋವಾಗ ತಾಗಿತ್ತು ಮಾವ. ಆರಿದೆ, ಒರಗಿಕೊಳ್ಳಿ" ಎಂದು ನೀನು ನಕ್ಕೆ. ಹಸಿ ಸುಳ್ಳು ಎನ್ನುತ್ತಾರಲ್ಲ, ಅದನ್ನು ನಾನು ಕಣ್ಣಾರೆ ಕಂಡದ್ದು ಆವತ್ತೇ. ಅವರು ಏಳುವಾಗ ಬಣ್ಣ ಅವರ ಅಂಗಿಗೆ ಅಂಟಿ ಹಾಲಿನ ಕೆನೆಯಂತೆ ಕಿತ್ತು ಬಂತು. ಕೆಳಗೆ ಗಂಜಿಯಂಥ ಪುಟ್ಟಿ. ಅವರು ಅದನ್ನು ಬೆರಳಿನಿಂದ ಒತ್ತಿ ನೋಡಿ, ಮಗಳ ಕಡೆ ತಿರುಗಿದರು. "ಮಗಾ, ಮಂಚ ಇಷ್ಟೆತ್ತರ ಹಾರತ್ತಾ?"

ಅತ್ತಿಗೆ ಒಳಗೆ ಹೋದಳು. ಮೂತಿ ನೆಗ್ಗಿದ ಇಸ್ತ್ರಿ ಪೆಟ್ಟಿಗೆಯನ್ನು ತಂದು ಅಪ್ಪನ ಮುಂದಿಟ್ಟಳು. ಸಂಜೆ ಅವರ ಜೊತೆ ಹೊರಟಳು.

ಈಗ ನಿನ್ನ ದೂರು, "ಕ್ಷಮೆ ಕೇಳಿದ ಮೇಲೂ ಅವಳ ಸಿಟ್ಟು ಆರಿಲ್ವಾ?" ಎಂದು. ಗೋಡೆ ಆರಿತೆಂದು ಹೇಳಿದವನೂ ನೀನೇ. ಆರಿದೆಯೋ ಇಲ್ಲವೋ ಎಂದು ಹೇಳಬೇಕಾದದ್ದು ಗೋಡೆ ಕಣೋ, ಬಳಿಯುವವನಲ್ಲ! ಇಷ್ಟು ವರ್ಷ ಕರಣೆ ಹಿಡಿದವನಿಗೆ ಇದನ್ನು ನಾನು ಹೇಳಿಕೊಡಬೇಕೇ?

ನಾನೂ ಅತ್ತಿಗೆಯ ತವರಿನಲ್ಲೇ ಇದ್ದೇನೆ. ಹೊರಡುವ ಮುಂಚೆ ನಿನ್ನ ತೇಪೆಯನ್ನು ಪೂರ್ತಿ ಕೆರೆದು ತೆಗೆದೆ. ತೂತು ಈಗ ಬಾಯಿ ತೆರೆದುಕೊಂಡಿದೆ. ಮುಚ್ಚಬೇಡ, ಮುಂದೆ ಕ್ಯಾಲೆಂಡರು ತೂಗುಹಾಕಬೇಡ. ಬಂದವರು ಕೇಳಲಿ, ನೀನು ಮಂಚದ ಹೆಸರೆತ್ತದೆ ಉತ್ತರ ಹೇಳು. ಅತ್ತಿಗೆ ಬರುವಳೋ ಇಲ್ಲವೋ ನನಗೆ ಗೊತ್ತಿಲ್ಲ, ನಾನು ಕೇಳುವುದೂ ಇಲ್ಲ.

ನಿನ್ನ ಕೈಗೆ ತಾಳ್ಮೆ ಬರಲಿ. ನೀನು ಚೆನ್ನಾಗಿರು.

ಮುಟ್ಟಿದರೆ ಇನ್ನೂ ತಣ್ಣಗೇ ಇರುವ,
ನಿನ್ನ ಮೂಗಿ ತಂಗಿ