ಬಾಗಿಲ ಮೇಲೆ ಬರೆದವಳು ನಾನು, ನನ್ನ ಮೊಮ್ಮಗಳಲ್ಲ

ವೃತ್ತಿ ನೋಂದಣಿ ಮಂಡಳಿಯ ಮಾನ್ಯ ಅಧ್ಯಕ್ಷರೇ,

ನನ್ನ ಮೊಮ್ಮಗಳು ದೆಯಾನಿರಾಳ ಮೇಲೆ ನೀವು ಹೂಡಿರುವ ಮೊಕದ್ದಮೆ ತಪ್ಪು ಮನುಷ್ಯರ ಮೇಲೆ ಬಿದ್ದಿದೆ. ನಮ್ಮೂರ ಹಾಲು ತಂಪು ಮಾಡುವ ಕೇಂದ್ರದ ಬಾಗಿಲ ಮೇಲೆ ನೀಲಿ ಬಣ್ಣದಲ್ಲಿ ‘ತೊಟ್ಟಿ ಶಾಕ್ ಹೊಡೆದರೆ ಇಂಜಿನಿಯರ್ ದೆಯಾನಿರಾಗೆ ಫೋನ್ ಮಾಡಿ’ ಎಂದು ಬರೆದವಳು ನಾನು. ಕುಂಚ ನನ್ನದು, ಏಣಿ ಪಕ್ಕದ ಮನೆಯದು, ಅಕ್ಷರ ಮೂರನೇ ತರಗತಿಯದು. ‘ಇಲ್ಲದ ಬಿರುದನ್ನು ಧರಿಸಿ ಸಾರ್ವಜನಿಕರನ್ನು ವಂಚಿಸಿದ್ದಾಳೆ’ ಎಂಬ ನೋಟೀಸು ಮಾತ್ರ ಅವಳ ಹೆಸರಿಗೆ ಬಂದಿದೆ. ವಿಚಾರಣೆ ಮುಗಿಯುವ ತನಕ ಅವಳ ನೋಂದಣಿ ಅಮಾನತು. ನೋಂದಣಿ ಇಲ್ಲದವಳನ್ನು ವಿದ್ಯುತ್ ಉಪಕೇಂದ್ರದ ಕೆಲಸಕ್ಕೆ ಸೇರಿಸಿಕೊಳ್ಳುವಂತಿಲ್ಲ. ಕಂಪನಿಯವರು ಅವಳಿಗೆಂದು ಜಾಗ ಹಿಡಿದಿಟ್ಟಿರುವುದು ಈ ತಿಂಗಳ ಕೊನೆಯವರೆಗೆ. ನಿಮ್ಮ ವಿಚಾರಣೆ ಅದಾದ ಒಂಬತ್ತು ದಿನಕ್ಕೆ. ತಪ್ಪಿಲ್ಲವೆಂದು ನೀವು ತೀರ್ಪು ಕೊಡುವಷ್ಟರಲ್ಲಿ ಶಿಕ್ಷೆ ಮುಗಿದಿರುತ್ತದೆ. ಇಷ್ಟು ಅಚ್ಚುಕಟ್ಟಾದ ನ್ಯಾಯವನ್ನು ಎಲ್ಲಿ ಕಲಿತಿರಿ?

ಅವಳೇನು ಓದಿದ್ದಾಳೆಂದು ನಿಮಗೆ ಗೊತ್ತು. ಪತ್ರಿಕೆಯಲ್ಲಿ ಇದನ್ನು ಓದುವವರಿಗಾಗಿ ಹೇಳುತ್ತೇನೆ. ವಿಶ್ವವಿದ್ಯಾಲಯದಲ್ಲಿ ವಿದ್ಯುತ್ತು ಕಲಿಯಲು ಎರಡು ಕೋಣೆಗಳಿವೆ. ಒಂದರಲ್ಲಿ ಐದು ವರ್ಷ ಕುಳಿತವರು ಇಂಜಿನಿಯರುಗಳು. ನಕ್ಷೆ ಬರೆದು ಸಹಿ ಹಾಕುತ್ತಾರೆ. ಇನ್ನೊಂದರಲ್ಲಿ ಮೂರು ವರ್ಷ ನಿಂತವರು ತಂತ್ರಜ್ಞರು; ತಂತಿ ಎಳೆಯುತ್ತಾರೆ, ಮೋಟಾರು ಬಿಚ್ಚುತ್ತಾರೆ, ಅಳೆಯುತ್ತಾರೆ, ಕೆಟ್ಟದ್ದು ಎಲ್ಲಿದೆಯೆಂದು ಹುಡುಕುತ್ತಾರೆ. ಸೇರಿಸಿಕೊಳ್ಳುವ ದಿನ ಕೊಟ್ಟ ಬಣ್ಣದ ಪುಸ್ತಿಕೆಯಲ್ಲಿ ಉಪಕೇಂದ್ರ, ಕಾರ್ಖಾನೆ, ಸೌರ ವಿದ್ಯುತ್ತು ಎಂದು ಎಷ್ಟೊಂದು ದಾರಿಗಳಿದ್ದವು. ಬೇಕಾದರೆ ಮುಂದೆ ಓದಿ ಇಂಜಿನಿಯರೂ ಆಗಬಹುದು ಎಂದಿತ್ತು. ಪ್ರತಿ ದಾರಿಗೂ ಅಡ್ಡವಾಗಿ ನೀವು ಗೇಟು ಹಾಕಿಕೊಂಡು ಕೂತಿರುವ ಚಿತ್ರವನ್ನು ಮಾತ್ರ ಅಚ್ಚು ಹಾಕಿರಲಿಲ್ಲ.

ನಿಯಮವೇ ಬೇಡ ಎನ್ನುವ ದಡ್ಡಿ ನಾನಲ್ಲ. ಕರೆಂಟಿಗೆ ಕರುಣೆಯಿಲ್ಲ, ಗೊತ್ತಿಲ್ಲದವರು ಅದನ್ನು ಮುಟ್ಟಬಾರದು. ಆದರೆ ಗೊತ್ತಿದ್ದವರು ಯಾರು ಎಂಬುದನ್ನು ಕೇಳಿ.

ಹೋದ ವರ್ಷ ನಮ್ಮ ಕೇಂದ್ರಕ್ಕೆ ಹೊಸ ತೊಟ್ಟಿ ಬಂತು. ಬಂದ ವಾರದಿಂದಲೇ ಹಾಲು ಸುರಿಯಲು ಹೋದ ಹೆಂಗಸರ ಬೆರಳು ಜುಮ್ಮೆನ್ನತೊಡಗಿತು. ಕೆಲವರು ಎದೆಯ ಮೇಲೆ ಶಿಲುಬೆಯ ಗುರುತು ಹಾಕಿಕೊಂಡು ತೊಟ್ಟಿ ಮುಟ್ಟುತ್ತಿದ್ದರು. ಅವರಲ್ಲೊಬ್ಬಳಾದ ಅನ್ಸೆಲ್ಮಾ ಒಂದು ಬೆಳಿಗ್ಗೆ ಕ್ಯಾನು ಕೈಬಿಟ್ಟು ಅಷ್ಟು ದೂರ ಹೋಗಿ ಬಿದ್ದಳು. ಕೇಂದ್ರ ನೋಡಿಕೊಳ್ಳುವ ಗುಮೆರ್ಸಿಂದೊ, “ಹೊಸ ತೊಟ್ಟಿ ಅಲ್ವಾ, ಸ್ವಲ್ಪ ಕಚಗುಳಿ ಇಡ್ತದೆ. ರಬ್ಬರ್ ಬೂಟು ಹಾಕ್ಕೊಂಡ್ ಬನ್ನಿ” ಎಂದ. ಓದು ಮುಗಿಸಿ ಆಗತಾನೇ ಊರಿಗೆ ಬಂದಿದ್ದ ದೆಯಾನಿರಾ ಅಲ್ಲಿಗೆ ಹೋಗಿ ಮೇನ್ ಸ್ವಿಚ್ಚು ಇಳಿಸಿದಳು. ಗೋಡೆಗುಂಟ ಹೋಗಿದ್ದ ಹಸಿರು ತಂತಿಯ ಮೇಲೆ ಬೆರಳಾಡಿಸುತ್ತ ಕೇಂದ್ರದ ಹಿಂದಕ್ಕೆ ನಡೆದಳು. ನಾವೆಲ್ಲ ಅವಳ ಬೆನ್ನಿಗೆ. ಅಲ್ಲಿ ತುರಚಿ ಗಿಡಗಳ ನಡುವೆ ಆ ತಂತಿಯ ತುದಿ ನೆಲದಿಂದ ಒಂದು ಗೇಣು ಮೇಲೆ ಜೋತಾಡುತ್ತಿತ್ತು.

“ಇದು ಅರ್ಥಿಂಗ್ ತಂತಿ, ಅಜ್ಜಿ. ನೆಲದೊಳಗೆ ಹೋಗ್ಬೇಕಿತ್ತು. ಗಾಳಿಗೆ ಬಿಟ್ಟಿದಾರೆ.”

“ನಕ್ಷೇಲಿ ನೆಲದೊಳಗೇ ಇದೆಯಲ್ಲ ತಾಯಿ,” ಎಂದ ಗುಮೆರ್ಸಿಂದೊ. “ಇಂಜಿನಿಯರ್ ಸಾಹೇಬ್ರು ಸಹಿನೂ ಹಾಕಿದಾರೆ.”

“ಹಂಗಾದ್ರೆ ನಾಳೆಯಿಂದ ಹಾಲು ನಕ್ಷೆಗೇ ಸುರೀರಿ, ಮಾಮ.”

ಆ ಸಾಹೇಬರು ನಮ್ಮೂರಿನ ಮಣ್ಣು ತುಳಿದಿದ್ದನ್ನು ಕಂಡವರಿಲ್ಲ. ಇವಳು ಎರಡು ದಿನ ನೆಲ ಅಗೆದು ತಾಮ್ರದ ಸರಳು ಹೊಡೆದಳು, ತಂತಿ ಬಿಗಿದಳು, ಮೀಟರು ಹಿಡಿದು ಅಳೆದಳು, ಮನಸ್ಸಿಗೆ ಬಾರದೆ ಮೂರನೇ ಸರಳನ್ನೂ ಹೊಡೆದಳು. ಆಮೇಲೆ ತನ್ನ ಬರಿಗೈಯನ್ನು ಮೊದಲು ತೊಟ್ಟಿಯ ಮೇಲಿಟ್ಟು, “ಈಗ ಬನ್ನಿ” ಎಂದಳು. ದುರಸ್ತಿ ಮಾಡುವ ಅಧಿಕಾರ ನೀವೇ ಕೊಟ್ಟ ಕಾರ್ಡಿನಲ್ಲಿ ಅವಳಿಗಿತ್ತು. ನಿಮ್ಮ ನೋಟೀಸೂ ಅದನ್ನು ಅಲ್ಲಗಳೆಯುವುದಿಲ್ಲ.

ಅಂದಿನಿಂದ ಊರಿಗೆ ಅವಳು ಇಂಜಿನಿಯರ್. “ನಾನು ಇಂಜಿನಿಯರ್ ಅಲ್ಲ, ತಂತ್ರಜ್ಞೆ” ಎಂದು ಅವಳು ಹೇಳಿದರೆ ಅನ್ಸೆಲ್ಮಾ, “ನೀನು ಏನಾದ್ರೂ ಆಗಿರು, ನಾನು ಹಂಗೇ ಕರೆಯೋದು” ಎನ್ನುತ್ತಿದ್ದಳು. ನಮ್ಮ ಕಡೆ ಗೌರವ ತೋರಿಸುವುದೇ ಹಾಗೆ. ಕರಣೆ ಹಿಡಿದವನು ಮೇಸ್ತ್ರಿ, ಟೈ ಕಟ್ಟಿದವನು ಡಾಕ್ಟರ್. ನಂಬಿಕೆ ಬಾರದಿದ್ದರೆ ನಿಮ್ಮ ಕಚೇರಿಯ ಕಾವಲುಗಾರನನ್ನೇ ಸಾಕ್ಷಿಗೆ ಕರೆಸಿ. ಹೋದ ಸೋಮವಾರ ನಿಮ್ಮನ್ನು ಕಾಣಲು ಬಂದಾಗ ಅವನು ತಡೆದ.

“ಡಾಕ್ಟರ್ ಮೀಟಿಂಗಲ್ಲಿದಾರೆ, ಅಜ್ಜಿ.”

“ಒಳ್ಳೇದಾಯ್ತು. ನನ್ನ ಮಂಡಿ ತೋರಿಸ್ಬೇಕಿತ್ತು.”

“ಅವ್ರು ಆ ಡಾಕ್ಟರ್ ಅಲ್ಲ.”

“ಮತ್ತೆ ಯಾವ ಡಾಕ್ಟರಪ್ಪ?”

“ಮರ್ಯಾದೆಗೆ ಅನ್ನೋದು, ಅಜ್ಜಿ. ನಿಮಗೊತ್ತಿಲ್ವಾ?”

ನನಗೆ ಗೊತ್ತಿದೆ. ನಿಮ್ಮ ಹೆಸರಿನ ಮುಂದೆ ‘ಡಾಕ್ಟರ್’ ಎಂದು ಕೆತ್ತಿರುವ ನಿಮ್ಮ ಬಾಗಿಲಿನ ಹಿತ್ತಾಳೆ ಫಲಕಕ್ಕೂ ಗೊತ್ತಿದೆ. ಗೊತ್ತಿಲ್ಲದವರು ನೀವೊಬ್ಬರೇ. ನೀವು ಕಳಿಸಿದ ತಪಾಸಣಾಧಿಕಾರಿ ನಮ್ಮ ಕೇಂದ್ರದ ಬಾಗಿಲಿನ ಫೋಟೋ ತೆಗೆದ, ನಾವು ಕೊಟ್ಟ ಬಿಸಿ ಬೆಲ್ಲದ ನೀರು ಕುಡಿದ, ಚೀಸು ತಿಂದ, ಹೊರಟ. ಬಾಗಿಲು ದಾಟಿ ಒಳಗೆ ಕಾಲಿಡಲಿಲ್ಲ. ಊರಿಗೇ ಬರದೆ ನಕ್ಷೆಗೆ ಸಹಿ ಹಾಕಿದವನಿಗೆ ಇಂದಿನವರೆಗೆ ಒಂದು ಸಾಲಿನ ನೋಟೀಸೂ ಇಲ್ಲ. ನೆಲ ಮುಟ್ಟದ ತಂತಿ ನಿಮ್ಮ ಕಣ್ಣಿಗೆ ಸಣ್ಣದು, ಬಾಗಿಲ ಮೇಲಿನ ಒಂದು ಪದ ದೊಡ್ಡದು.

ನನ್ನ ತಪ್ಪನ್ನೂ ಒಪ್ಪಿಕೊಳ್ಳುತ್ತೇನೆ. ಬಣ್ಣ ಒಣಗುವ ಮೊದಲೇ ಅವಳು, “ಅದನ್ನ ಅಳಿಸ್ಬಿಡು ಅಜ್ಜಿ, ನಂಗೆ ತೊಂದ್ರೆ ಆಗ್ತದೆ” ಎಂದಿದ್ದಳು. “ಮರ್ಯಾದೆ ಕೊಟ್ರೆ ಯಾರಿಗೇನು ತೊಂದ್ರೆ?” ಎಂದು ಬಾಯಿ ಮುಚ್ಚಿಸಿದವಳು ನಾನು.

ಮೊನ್ನೆ ಬುಧವಾರ ಸಿಡಿಲಿಗೆ ತೊಟ್ಟಿ ನಿಂತುಹೋಯಿತು. ಸಹಿ ಸಾಹೇಬರು ಫೋನ್ ಎತ್ತಲಿಲ್ಲ. ಇವಳು ಹೊಸ್ತಿಲ ಹೊರಗೆ, ಹೊದ್ದ ಉಣ್ಣೆಯ ಹೊದಿಕೆ ರುವಾನಾದೊಳಗೆ ಕೈಯಿಟ್ಟುಕೊಂಡು ನಿಂತಿದ್ದಳು. ಅನ್ಸೆಲ್ಮಾ, “ಒಳಗೆ ಬಾರವ್ವಾ, ಯಾರು ನೋಡ್ತಾರೆ?” ಎಂದಳು. “ಯಾರೂ ನೋಡ್ದೇ ಇದ್ರೂ ನಿಷೇಧ ನಿಷೇಧಾನೇ” ಎಂದಳು ನನ್ನ ಮೊಮ್ಮಗಳು. ನಿಮ್ಮ ಆಜ್ಞೆಗೆ ಈ ದೇಶದಲ್ಲಿ ಇಷ್ಟು ಬೆಲೆ ಕೊಟ್ಟವರನ್ನು ನಾನು ಕಂಡಿಲ್ಲ. ಮಧ್ಯಾಹ್ನದ ಹೊತ್ತಿಗೆ ನಲವತ್ತು ಮನೆಯ ಹಾಲು ಹುಳಿಯಾಗಿ ಚರಂಡಿ ಸೇರಿತು. ಮರುದಿನ ಅವಳು ಕಣಿವೆಯ ಹೂವಿನ ತೋಟಕ್ಕೆ ಹೋಗಿ, ಗುಲಾಬಿಯ ಮುಳ್ಳು ಸವರುವ ಕೆಲಸಕ್ಕೆ ಹೆಸರು ಬರೆಸಿ ಬಂದಳು. ವಿಶ್ವವಿದ್ಯಾಲಯದ ಪುಸ್ತಿಕೆಯಲ್ಲಿ ಆ ದಾರಿ ಇರಲಿಲ್ಲ. ಅದನ್ನು ತೋರಿಸಿಕೊಟ್ಟವರು ನೀವು.

ಆದ್ದರಿಂದ ಬೇಡಿಕೊಳ್ಳುತ್ತಿಲ್ಲ, ಕೇಳುತ್ತಿದ್ದೇನೆ. ತಿಂಗಳು ಮುಗಿಯುವ ಮೊದಲು ಅವಳ ಅಮಾನತು ತೆಗೆಯಿರಿ. ಗಾಳಿಗೆ ಅರ್ಥಿಂಗ್ ಕೊಟ್ಟ ಮಹಾಶಯರನ್ನು ಕರೆಸಿ, ಸರಳು ಎಲ್ಲಿ ಹೂತಿದ್ದೀರಿ ಎಂದು ಒಮ್ಮೆ ಕೇಳಿ. ಮೊಕದ್ದಮೆಯನ್ನು ನನ್ನ ಹೆಸರಿಗೆ ತಿದ್ದಿ. ಎಪ್ಪತ್ತಾರು ವರ್ಷದವಳಿಗೆ ಇಂಜಿನಿಯರ್ ಆಗುವ ಆಸೆಯಿಲ್ಲ, ನೀವು ಕಿತ್ತುಕೊಳ್ಳಬಹುದಾದ ನೋಂದಣಿಯೂ ಇಲ್ಲ. ಕರೆದ ದಿನ ಮೊದಲ ಬಸ್ಸಿಗೇ ಬಂದು ನಿಮ್ಮೆದುರು ನಿಲ್ಲುತ್ತೇನೆ.

ಇಂತಿ,
ಅಕ್ಕರೆಗೆ ಒಂದು ಪದ ಹೆಚ್ಚು ಬರೆದು, ಮೊಮ್ಮಗಳ ಅನ್ನಕ್ಕೆ ಕಲ್ಲು ಹಾಕಿದ ಅಜ್ಜಿ
ಎವಾಂಗೆಲಿನಾ ಚಾಪಾರ್ರೊ
ಎಲ್ ಅರ್ರಾಯಾನ್, ಬೊಯಾಕಾ, ಕೊಲಂಬಿಯಾ