ಅಮ್ಮನ ಹೆಸರಿನ ಚಿಪ್ಪು

ಅಪ್ಪಾ,

ನೀನು ಫೋನ್ ಎತ್ತುತ್ತಿಲ್ಲ, ಅದಕ್ಕೇ ಈ ಪತ್ರ.

ಹೊಸ ಜಾತಿಯೆಂದು ಗುರುತಿಸಿ ನಾನು ಅಮ್ಮನ ಹೆಸರಿಟ್ಟ ಕಡಲ ಬಸವನಹುಳುವಿನ ಚಿಪ್ಪನ್ನು ನಿನಗೊಮ್ಮೆ ತೋರಿಸೋಣ ಎಂದು ಮ್ಯೂಸಿಯಂನಿಂದ ತಂದಿದ್ದೆ. ನೀನು ಅದಕ್ಕೊಂದು ಮರದ ಪೆಟ್ಟಿಗೆ ಮಾಡಿ ಬೀಗ ಜಡಿದುಬಿಟ್ಟೆ. ನಿನ್ನ ಕೈಕೆಲಸದ ಬಗ್ಗೆ ಎರಡು ಮಾತಿಲ್ಲ. ಆದರೆ ಹೊಸ ಮರದಿಂದ ಏಳುವ ಹುಳಿ ಆವಿ ಚಿಪ್ಪನ್ನು ತಿಂದು ಹಿಟ್ಟು ಮಾಡುತ್ತದೆ. ಸಾಸಿವೆ ಕಾಳಿನಷ್ಟು ಚಿಪ್ಪು ಅದು. ಆ ಜಾತಿಯ ಹೆಸರಿಗೆ ಆಧಾರವಾಗಿ ಜಗತ್ತಿನಲ್ಲಿ ಇರುವ ಮಾದರಿ ಅದೊಂದೇ.

ದಯವಿಟ್ಟು ಈಗಲೇ ಗಾಜಿನ ಸೀಸೆಗೆ ಹಾಕು. ಬಿಳಿ ಪುಡಿ ಕಂಡರೆ ಊದಬೇಡ, ಒರೆಸಬೇಡ.

ಪೆಟ್ಟಿಗೆಗೆ ಬೀಗ ಹಾಕುತ್ತಾ ನೀನು “ಅವಳು ಮನೇಲೇ ಇರ್ಲಿ ಬಿಡು, ನಾನು ನೋಡ್ಕೋತೀನಿ” ಅಂದೆ. ಅಮ್ಮನನ್ನು ಆಸ್ಪತ್ರೆಗೆ ಸೇರಿಸೋಣ ಎಂದು ನಾನು ಗೋಗರೆದ ದಿನವೂ ನೀನು ಇದೇ ಮಾತು ಹೇಳಿ ಬಾಗಿಲು ಹಾಕಿಕೊಂಡಿದ್ದೆ.

ನಾಳೆ ಬೆಳಿಗ್ಗೆ ಬರುತ್ತೇನೆ. ಈ ಸಲ ಬಾಗಿಲು ತೆಗೆ.

ನಿನ್ನ ಮಗಳು