ಪರದೆಯ ಮೇಲಿನ ನಡಿಗೆ

ಗೂಳಪ್ಪ ಸರ್ ಅವರಿಗೆ ಶರಣಬಸವನ ನಮಸ್ಕಾರ.

ಶುಕ್ರವಾರ ನನ್ನ ಸಿನಿಮಾ ಹಳಿಯಾಳದ ಟಾಕೀಸಿಗೆ ಬರುತ್ತದೆ. ಬಾಸ್ಕೆಟ್‌ಬಾಲ್ ತಂಡದ ಹುಡುಗರನ್ನೆಲ್ಲ ದಾಂಡೇಲಿಯಿಂದ ಟೆಂಪೋದಲ್ಲಿ ಕರೆದೊಯ್ಯುತ್ತೀರೆಂದು ನಿಮ್ಮ ಮಗಳು ನಿರ್ಮಲಾ ಫೋನಿನಲ್ಲಿ ಹೇಳಿದಳು. ದಯವಿಟ್ಟು ಬೇಡ ಸರ್. ಟಾಕೀಸಿನ ಮೆಟ್ಟಿಲು ನಿಮ್ಮ ಕಾಲಿಗೆ ಒಳ್ಳೆಯದಲ್ಲ.

ನನ್ನದು ನಗಿಸುವ ಪಾತ್ರ. ಡೈರೆಕ್ಟರು ಧಾರವಾಡದವರು. "ಹೆಂಗರ ಮಾಡಿ ಮಂದೀನ ನಗಸೋ ತಮ್ಮಾ" ಅಂದರು. ಆಗ ನನಗೆ ಹೊಳೆದದ್ದು ಒಂದೇ ನಡಿಗೆ. ಸೆಟ್ಟಿನಲ್ಲಿ ಎಲ್ಲರೂ ಬಿದ್ದು ಬಿದ್ದು ನಕ್ಕರು. ನಾವು ಆಡಲೆಂದು ರಿಂಗ್ ಹಾಕುವಾಗ ನೀವು ಏಣಿಯಿಂದ ಬಿದ್ದು ಕಾಲು ಮುರಿದುಕೊಂಡು ಕುಂಟುವಂತಾದದ್ದು ಅಲ್ಲಿ ಯಾರಿಗೂ ಗೊತ್ತಿಲ್ಲ. ನಾನೂ ಹೇಳಲಿಲ್ಲ.

ಹೋಗಲೇಬೇಕೆಂದರೆ ಒಬ್ಬರೇ ಹೋಗಿ ಸರ್, ಹುಡುಗರು ಬೇಡ. ನಾನು ಪರದೆಯ ಮೇಲೆ ನಡೆದು ಬಂದ ಕೂಡಲೇ ಅವರೆಲ್ಲ ನಿಮ್ಮ ಕಡೆ ತಿರುಗಿ ನೋಡುತ್ತಾರೆ.

ನಿಮ್ಮ ತಂಡದವನು,
ಶರಣಬಸವ